ತಂತಿಯ ಎರಡು ತುದಿ

ನನಗೆ ಯಾರನ್ನೂ ಹೊಗಳುವ ಅಭ್ಯಾಸವಿಲ್ಲ. ಸಿರುಗುಪ್ಪದಲ್ಲಿ ಹತ್ತಿ ದಲ್ಲಾಳಿ ಮಾಡುವವನು ಕಂಡದ್ದನ್ನೆಲ್ಲ ಹೊಗಳುತ್ತ ಕೂತರೆ ವ್ಯಾಪಾರ ಆದ ಹಾಗೆಯೇ. ಹತ್ತಿ ಎಷ್ಟೇ ಬೆಳ್ಳಗಿರಲಿ, ಒಂದು ಹಿಡಿ ತೆಗೆದು, ಹಿಂಜಿ ನೋಡಿ, ಮೂಗು ಮುರಿದು, "ಕಸ ಭಾಳ ಐತಿ" ಎನ್ನುವುದೇ ನನ್ನ ಕಸುಬು. ಮನುಷ್ಯರನ್ನೂ ಹಾಗೆಯೇ ಹಿಂಜಿ ನೋಡುತ್ತೀಯ ಎಂದು ನಮ್ಮ ಅಕ್ಕ ಬೈಯುತ್ತಾಳೆ. ಬೈಯಲಿ. ಆದರೆ ಬಳ್ಳಾರಿಯ ತಂತಿ ಕಚೇರಿಯ ಮಧುಸೂದನರಾಯರ ಮಾತು ಬಂದರೆ ಮಾತ್ರ ಈ ಜಡೆಪ್ಪ ಹೊಗಳುತ್ತಾನೆ, ಕೇಳುವವರು ಆಕಳಿಸಿದರೂ ಹೊಗಳುತ್ತಾನೆ.

ಅವರನ್ನು ನಾನು ಮೊದಲು ಕಂಡದ್ದು ಜಗಳಕ್ಕೆ ಹೋದಾಗ. ಆಗ ನಮ್ಮ ಸೀಮೆಗೆ ರೈಲು ಬಂದು ವರ್ಷಗಳಾಗಿದ್ದವು. ತಂತಿಯ ಸುದ್ದಿ ಮಾತ್ರ ಇನ್ನೂ ಜನರಿಗೆ ಅರ್ಧ ಮಂತ್ರ, ಅರ್ಧ ಮೋಸ. ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೋಗುವ ತಂತಿ ಕೆಟ್ಟು ನನ್ನದೊಂದು ತುರ್ತು ಸುದ್ದಿ ಕಚೇರಿಯಲ್ಲೇ ಕೊಳೆಯುತ್ತ ಕುಳಿತಿತ್ತು. ಒಳಗೆ ನುಗ್ಗಿ ಬಾಯಿಗೆ ಬಂದದ್ದು ಅಂದೆ. ತೆಳ್ಳನೆಯ ಮನುಷ್ಯ, ಹಣೆಗೆ ಅಂಗಾರ ಅಕ್ಷತೆ, ಮೂಗಿನ ತುದಿಯಲ್ಲಿ ಕನ್ನಡಕ, ಒಂದು ಮರದ ಪೆಟ್ಟಿಗೆಯ ಮುಂದೆ ಕೂತು ಸೂಜಿಯೊಂದನ್ನು ದಿಟ್ಟಿಸುತ್ತಿದ್ದರು. ನನ್ನ ಕೂಗಾಟ ಅವರ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ಕಡೆಗೆ ತಂತಿ ರಿಪೇರಿಯ ಆಳನ್ನು ಕರೆದು, "ಮೋಕ ಊರು ದಾಟಿ, ಹಳ್ಳ ಇಳಿದು ಮ್ಯಾಲೆ ಹತ್ತೋ ಜಾಗಾದಾಗ ನೋಡು. ತಂತಿ ಹರಿದಿಲ್ಲ. ಏನೋ ಹಸೀದು ತಗಲ್ಯದ" ಎಂದರು.

ನನಗೆ ನಗು ಬಂತು. ಬಳ್ಳಾರಿಯ ಖೋಲಿಯಲ್ಲಿ ಕೂತವನಿಗೆ ಮೋಕದ ಹಳ್ಳದ ಹತ್ತಿರ ಏನಾಗಿದೆ ಎಂದು ತಿಳಿಯುವುದಾದರೆ ಇವನು ತಂತಿಯವನಲ್ಲ, ಶಾಸ್ತ್ರ ಹೇಳುವವನು ಅಂದುಕೊಂಡೆ. ಹೇಗೂ ಊರಿಗೆ ಹೋಗುವ ದಾರಿ. ಆ ಆಳನ್ನು ನನ್ನ ಬಂಡಿಯಲ್ಲೇ ಕೂರಿಸಿಕೊಂಡು ಹೊರಟೆ, ಸುಳ್ಳಾದರೆ ವಾಪಸು ಬಂದು ಇನ್ನಷ್ಟು ಬೈಯೋಣವೆಂದು. ಮೋಕ ದಾಟಿತು. ಹಳ್ಳ ಇಳಿದು ಹತ್ತಿದೆವು. ಅಲ್ಲೊಂದು ಹಸಿ ಜಾಲಿಯ ಕೊಂಬೆ ಮುರಿದು, ತಂತಿಗೂ ಕಂಬಕ್ಕೂ ಒರಗಿಕೊಂಡು ಬಿದ್ದಿತ್ತು. ನನ್ನ ಬಾಯಿ ಮುಚ್ಚಿತು, ಮತ್ತು ಅದು ಸುಲಭಕ್ಕೆ ಮುಚ್ಚುವ ಬಾಯಲ್ಲ.

ಮುಂದಿನ ಸಲ ಬಳ್ಳಾರಿಗೆ ಹೋದಾಗ ಜಗಳ ಬಿಟ್ಟು ಕೇಳಲು ಹೋದೆ. ರಾಯರು ಮರೆಮಾಚಲಿಲ್ಲ. ಕರೆಂಟು ತಂತಿಯಲ್ಲಿ ಹಾಯುವಾಗ ತಂತಿ ಅದಕ್ಕೆ ಅಡ್ಡಿ ಮಾಡುತ್ತದಂತೆ. ತಂತಿ ಉದ್ದವಾದಷ್ಟೂ ಅಡ್ಡಿ ಹೆಚ್ಚು, ದಪ್ಪವಾದಷ್ಟೂ ಅಡ್ಡಿ ಕಡಿಮೆ. ಒಂದು ಮೈಲಿಗೆ ಇಷ್ಟು ಅಡ್ಡಿ ಎಂದು ಗೊತ್ತಿದ್ದರೆ, ಅಳೆದು ನೋಡಿದಾಗ ಕೆಟ್ಟ ಜಾಗ ಎಷ್ಟು ದೂರ ಎಂದು ತಾನೇ ತಿಳಿಯುತ್ತದೆ. "ನೀವು ಹತ್ತಿ ತೂಗ್ತೀರಿ, ನಾ ಅಡ್ಡಿ ತೂಗ್ತೀನಿ. ಇಷ್ಟ ನೋಡ್ರಿ ವ್ಯತ್ಯಾಸ" ಎಂದು ನಕ್ಕರು. ಅಂದಿನಿಂದ ನಾನು ಬಳ್ಳಾರಿಗೆ ಹೋದರೆ ಅವರ ಕಚೇರಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರದೆ ಬರುತ್ತಿರಲಿಲ್ಲ.

ಇನ್ನು ಬಾವಿಯ ಕಥೆಗೆ ಬರುತ್ತೇನೆ.

ನಮ್ಮ ಅಕ್ಕನನ್ನು ಕೊಟ್ಟದ್ದು ಕುರುಗೋಡಿಗೆ, ಉಜ್ಜಿನಪ್ಪನಿಗೆ. ಅವರ ಹೊಲ ಇರುವುದು ಗುಡ್ಡದ ಬುಡದಲ್ಲಿ. ಉಜ್ಜಿನಪ್ಪನ ಅಣ್ಣ ಎರ್ರಿಸ್ವಾಮಿ ಅಲ್ಲೊಂದು ಬಾವಿ ತೋಡಲು ಹಿಡಿದಿದ್ದ. ಒಂದಾಳುದ್ದ ಮಣ್ಣು, ಆಮೇಲೆ ಬರೀ ಬಂಡೆ. ಕುರುಗೋಡಿನ ಬಂಡೆಯೆಂದರೆ ಹಾರೆಯ ಮೊನೆಯೇ ಮೊಂಡಾಗಬೇಕು. ಉಳಿಯಿಂದ ತೂತು ಕೊರೆದು, ಅದರಲ್ಲಿ ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ, ಮೇಲೆ ಓಡಿ ಬರುವುದು. ಎಲ್ಲರೂ ಮಾಡುವುದು ಹಾಗೆಯೇ. ಒಂದು ದಿನ ಬತ್ತಿ ಹಚ್ಚಿ ಬಂದು ಕಾದರು, ಸಿಡಿಯಲಿಲ್ಲ. ಮತ್ತೂ ಕಾದರು. ಬತ್ತಿ ಆರಿಹೋಗಿದೆ ಎಂದು ಎರ್ರಿಸ್ವಾಮಿ ನೋಡಲು ಇಳಿದ. ಬೆಂಕಿ ಆರಿರಲಿಲ್ಲ, ಬತ್ತಿಯ ಒಳಗೆ ಮಲಗಿತ್ತು. ಅವನನ್ನು ಮೇಲೆ ತಂದದ್ದು ಕಂಬಳಿಯಲ್ಲಿ.

ಅವನ ತಾಯಿ ದೊಡ್ಡಬಸಮ್ಮ ಆ ಬಾವಿಗೆ ಜಾಲಿಕಂಟಿ ಮುಚ್ಚಿಸಿದಳು. ಉಳಿದದ್ದು ಒಬ್ಬನೇ ಮಗ, ಉಜ್ಜಿನಪ್ಪ. ಅವನಿಗೆ ಆ ಬಾವಿಯದೇ ಚಿಂತೆ. ನೀರಿಗಾಗಿ ಎಂದು ಅವನು ಹೇಳಿದ್ದರೆ ತಾಯಿ ಬೇರೆ ಕಡೆ ತೋಡು ಅನ್ನುತ್ತಿದ್ದಳು. ಅವನು ಹೇಳುತ್ತಿದ್ದದ್ದು, "ಅಣ್ಣ ಅರ್ಧಕ್ಕ ಬಿಟ್ಟು ಹೋಗ್ಯಾನವ್ವ, ನಾ ಮುಗಸ್ತೀನಿ" ಎಂದು. ಅವಳ ಉತ್ತರವೂ ಒಂದೇ. "ಆ ಬಾವ್ಯಾಗ ಮತ್ತ ಬೆಂಕಿ ಇಳಿಸಿದ್ರ, ಅದರ ಹಿಂದ ನಾನೂ ಇಳಿತೀನಿ."

ಕಟ್ಟೆಯ ಮೇಲೆ ಕೂತಾಗ ಈ ಸಂಗತಿ ನಾನು ರಾಯರ ಕಿವಿಗೆ ಹಾಕಿದೆ. ಅವರು ಬತ್ತಿಯ ವಿಷಯವನ್ನೇ ಕೆದಕಿ ಕೆದಕಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಬತ್ತಿಯೊಳಗಿನ ಬೆಂಕಿ ಸತ್ತದೋ ಬದುಕ್ಯದೋ ಹೊರಗಿನವರಿಗೆ ತಿಳಿಯೋದಿಲ್ಲ. ಅದಕ್ಕ ಆತ ಸತ್ತ. ಜಡೆಪ್ಪನವರ, ನಿಮ್ಮ ಭಾವನವರನ್ನ ಕರ್ಕೊಂಡು ನಮ್ಮ ಮನಿಗೆ ಬರ್ರಿ" ಎಂದರು.

ಹೋದೆವು. ಪಡಸಾಲೆಯಲ್ಲಿ ಗಾಜಿನ ಜಾಡಿಗಳ ಸಾಲು, ಅದೇ ಬ್ಯಾಟರಿ. ಎರಡು ದಪ್ಪ ತಾಮ್ರದ ತಂತಿ, ಅವುಗಳ ನಡುವೆ ಕೂದಲಿನಷ್ಟು ಸಣ್ಣ ಪ್ಲಾಟಿನಂ ಎಳೆ. ರಾಯರು ನನ್ನ ಕಡೆ ಕೈಚಾಚಿ ಒಂದು ಚಿಟಿಕೆ ಹತ್ತಿ ಕೇಳಿದರು. ನನ್ನ ಅಂಗಿಯ ಜೇಬು ಹುಡುಕಿದರೆ ಹತ್ತಿ ಸಿಗದ ದಿನವಿಲ್ಲ. ಅದನ್ನು ಆ ಎಳೆಯ ಮೇಲೆ ಇಟ್ಟರು. ಉಜ್ಜಿನಪ್ಪನಿಗೆ ದಪ್ಪ ತಂತಿ ಹಿಡಿದುಕೊಳ್ಳಲು ಹೇಳಿ ತುದಿ ಮುಟ್ಟಿಸಿದರು. ಎಳೆ ಕೆಂಡದ ಹಾಗೆ ಕೆಂಪಾಯಿತು. ನನ್ನ ಹತ್ತಿ ಭಗ್ಗೆಂದು ಹತ್ತಿಕೊಂಡಿತು. ದಪ್ಪ ತಂತಿ ಹಿಡಿದಿದ್ದ ಉಜ್ಜಿನಪ್ಪ ತನ್ನ ಕೈಯನ್ನೇ ನೋಡಿಕೊಂಡ.

"ತಣ್ಣಗ ಐತಲ್ರಿ!"

"ಎಷ್ಟು ಕರೆಂಟು ನಿಮ್ಮ ಕೈಯಾಗಿನ ತಂತಿಯೊಳಗ ಹಾದಿತೋ ಅಷ್ಟ ಆ ಎಳಿಯೊಳಗೂ ಹಾದಿತು. ನಡುವ ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ" ಎಂದರು ರಾಯರು. "ಮಂದಿ ಅಷ್ಟ. ಹಾದಿ ಅಗಲ ಇದ್ರ ಆರಾಮ ನಡದು ಹೋಗ್ತಾರ. ಅಷ್ಟೂ ಮಂದಿ ಒಂದು ಸಂದಿಯೊಳಗ ನುಗ್ಗಬೇಕಾದ್ರ ಮೈಗೆ ಮೈ ಉಜ್ಜಿ ಬೆವರು ಕಿತ್ತು ಬರ್ತದ. ಅಡ್ಡಿ ಎಲ್ಲಿ ಹೆಚ್ಚೋ ಕಾವು ಅಲ್ಲೇ."

ಬಾವಿಯ ಮದ್ದಿನಲ್ಲಿ ಈ ಎಳೆಯನ್ನು ಹೂತು, ದಪ್ಪ ತಂತಿಗಳನ್ನು ದೂರಕ್ಕೆ ಎಳೆದು ತಂದು, ಅಲ್ಲಿಂದ ಕರೆಂಟು ಬಿಡುವುದು. ಬತ್ತಿ ಇಲ್ಲ, ಓಡುವುದಿಲ್ಲ. ಕರೆಂಟು ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅರ್ಧ ಬಿಟ್ಟರೆ ಕಾವು ಅರ್ಧವಾಗುವುದಿಲ್ಲವಂತೆ, ಕಾಲು ಪಾಲಾಗುತ್ತದಂತೆ. ಹತ್ತರಲ್ಲೊಂದು ಪಾಲು ಮಾತ್ರ ಹಾಯಿಸಿದರೆ ಕಾವು ನೂರರಲ್ಲೊಂದು ಪಾಲು. ನನ್ನ ತಕ್ಕಡಿಯಲ್ಲಿ ಇಂಥ ಲೆಕ್ಕ ನಡೆಯುವುದಿಲ್ಲ. ಆದರೂ ಇಷ್ಟು ಚೊಕ್ಕ ನಡತೆಯ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಲ್ಲಿ ಕಾಯಿ ಎಂದರೆ ಅಲ್ಲೇ ಕಾಯುತ್ತದೆ, ಎಷ್ಟು ಎಂದರೆ ಅಷ್ಟೇ.

ರಾಯರ ತಾಯಿ ತುಳಸಮ್ಮ ಮಡಿಯಲ್ಲಿದ್ದರು. ನಡುಮನೆಯ ಬಾಗಿಲಲ್ಲೇ ನಿಂತು, ನಾವೆಲ್ಲಿ ಹತ್ತಿರ ಬಂದುಬಿಡುತ್ತೇವೋ ಎಂದು ಸೆರಗು ಬಿಗಿಹಿಡಿದು ನೋಡುತ್ತಿದ್ದರು. "ಆ ತಂತಿಗೆ ರೇಷ್ಮಿ ಯಾಕ ಸುತ್ತೀಯೋ ಮಧೂ? ಅದಕ್ಕೇನು ಮದಿವ್ಯೇ?" ಎಂದು ಕೇಳಿದರು.

"ರೇಷ್ಮಿಗೆ ಮೈಲಿಗಿ ಹತ್ತೋದಿಲ್ಲ ಅಂತ ನೀನ ಹೇಳ್ತೀಯಲ್ಲಮ್ಮ? ಕರೆಂಟೂ ಹಂಗ. ರೇಷ್ಮಿ ದಾಟಿ ಬರೋದಿಲ್ಲ."

"ಹಸಿ ನೂಲು ಸುತ್ತಿದ್ರ?"

"ಹಸೀದಿದ್ರ ಸ್ವಲ್ಪ ದಾಟ್ತದ."

"ಮತ್ತ? ನೂಲಿಗೆ ಮೈಲಿಗಿ ಹತ್ತತದ ಅಂದ್ರ ನಮ್ಮ ಮಡಿಗೆ ನಗತೀರಿ" ಎಂದು ಗೆದ್ದವರ ಹಾಗೆ ಒಳಗೆ ಹೋದರು.

ಬಾವಿಯ ಕೆಲಸಕ್ಕೆ ಒಂದು ಬೆಳಿಗ್ಗೆ ಗೊತ್ತುಮಾಡಿದೆವು. ಒಡ್ಡರ ಕೆಂಚಣ್ಣ, ಬಾವಿ ತೋಡುವುದರಲ್ಲಿ ಹೆಸರಾದವನು, ತನ್ನ ಆಳುಗಳೊಂದಿಗೆ ಬಂದ. ದೊಡ್ಡಬಸಮ್ಮ ಒಪ್ಪಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಬಾವಿಯ ಹತ್ತಿರ ಬಂದು ಕಲ್ಲಿನ ಮೇಲೆ ಕೂತು, "ಮೊದಲು ನನಗ ತೋರಸ್ರಿ" ಎಂದಳು. ರಾಯರು ಹೆಚ್ಚಿಗೆ ತಂದಿದ್ದ ಒಂದು ಎಳೆಯನ್ನು ಅವಳ ಕಣ್ಣೆದುರು ಕೆಂಪಗೆ ಕಾಯಿಸಿ ತೋರಿಸಿದರು.

"ಅಬಬ, ಇಷ್ಟು ಸಣ್ಣದಕ್ಕ ಇಷ್ಟು ಸಿಟ್ಟು!" ಎಂದಳು ಅವಳು.

ಆಮೇಲೆ ರಾಯರು ಬ್ಯಾಟರಿ ಪೆಟ್ಟಿಗೆಯ ಹಿತ್ತಾಳೆ ಬಿರಡೆಯನ್ನು ಕಿತ್ತು ತೋರಿಸಿದರು. ಅದು ಇಲ್ಲದಿದ್ದರೆ ಪೆಟ್ಟಿಗೆ ಬರೀ ಮರ, ಯಾರು ಅದರ ಗುಂಡಿ ಒತ್ತಿದರೂ ಕರೆಂಟು ಹೊರಡುವುದಿಲ್ಲ. ಬ್ರಾಹ್ಮಣರು ತಿಜೋರಿಯ ಕೀಲಿಕೈ ಕಟ್ಟಿಕೊಳ್ಳುವ ಹಾಗೆ ಅದನ್ನು ತಮ್ಮ ಜನಿವಾರಕ್ಕೆ ಕಟ್ಟಿಕೊಂಡರು. ದೊಡ್ಡಬಸಮ್ಮನಿಗೆ ಅದು ಹಿಡಿಸಿತು. "ಜನಿವಾರಕ್ಕ ಕಟ್ಯಾರಂದ್ರ ಹುಡುಗಾಟ ಅಲ್ಲ" ಎಂದು ನನ್ನ ಅಕ್ಕನಿಗೆ ಹೇಳಿದಳು.

ಕೆಂಚಣ್ಣ ತೂತು ಕೊರೆದು, ಮದ್ದು ತುಂಬಿ, ಎಳೆ ಇಟ್ಟು, ಮೇಲೆ ಜೇಡಿಮಣ್ಣು ಜಡಿದು ಬಂದ. ತಂತಿಗಳನ್ನು ದೂರದ ದೊಡ್ಡ ಬಂಡೆಯ ಹಿಂದಕ್ಕೆ ಎಳೆದು ತಂದೆವು. ಪೆಟ್ಟಿಗೆ ಇದ್ದದ್ದು ಅಲ್ಲಿ. ರಾಯರು ಕಚೇರಿಯಲ್ಲಿ ನಾನು ಕಂಡಂಥ ಸೂಜಿಯ ಪೆಟ್ಟಿಗೆಯಿಂದ ಅಳೆದು, ಎಲ್ಲ ಸರಿಯಾಗಿದೆ ಎಂದರು. ಅಷ್ಟರಲ್ಲಿ ಊಟದ ಹೊತ್ತು. ಅವರು ನಮ್ಮ ಮನೆಯಲ್ಲಿ ಉಣ್ಣುವವರಲ್ಲ, ನಮ್ಮ ಕಣ್ಣೆದುರೂ ಉಣ್ಣುವವರಲ್ಲ. ತಂತಿಯ ಎರಡು ತುದಿಗಳನ್ನು ಬೇರೆ ಬೇರೆ ಕೊಂಬೆಗೆ ಸಿಕ್ಕಿಸಿ, ಅವಲಕ್ಕಿಯ ಗಂಟು ಹಿಡಿದು ಹುಣಸೆಮರದ ಮರೆಗೆ ಹೋದರು.

ದೊಡ್ಡಬಸಮ್ಮ ಆಗ ಎದ್ದು ಬಂದಳು. ಆ ಮನೆಗೆ ಹೊಸ ಕುಂಟೆ ಬರಲಿ, ಬೀಸುವ ಕಲ್ಲು ಬರಲಿ, ಅವಳ ಕೈಯ ವಿಭೂತಿ ಹಚ್ಚಿಸಿಕೊಳ್ಳದೆ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ನನ್ನ ಹೊಸ ತಕ್ಕಡಿಗೂ ಅವಳೇ ಹಚ್ಚಿದ್ದು. ಅಂಗೈಯಲ್ಲಿ ವಿಭೂತಿ ನೆನೆಸಿ ಪೆಟ್ಟಿಗೆಯ ಮುಚ್ಚಳಕ್ಕೆ ಮೂರು ಪಟ್ಟೆ ಎಳೆದಳು. ಪೆಟ್ಟಿಗೆಯ ಮೇಲೆ ತಂತಿ ಸಿಕ್ಕಿಸುವ ಎರಡು ಹಿತ್ತಾಳೆ ತಿರುಪು ಇದ್ದವು. "ಇವು ಇದರ ಬಾಯಿ ಏನೋ" ಎಂದು ಅವಕ್ಕೂ ಹಚ್ಚಿದಳು, ಕಂದನಿಗೆ ಬೆಣ್ಣೆ ತಿನ್ನಿಸುವ ಹಾಗೆ ತೂತು ತುಂಬ. ನಾನು ಪಕ್ಕದಲ್ಲೇ ನಿಂತು ಕೈಮುಗಿದೆ.

ರಾಯರು ಬಂದರು. ಮುಚ್ಚಳದ ಮೇಲಿನ ಮೂರು ಪಟ್ಟೆ ನೋಡಿ ಸುಮ್ಮನೆ ನಕ್ಕರು. ಮರಕ್ಕೆ ಹಚ್ಚಿದ ಬೂದಿಯಿಂದ ಕರೆಂಟಿಗೇನು? ತಿರುಪುಗಳ ಮೇಲ್ಭಾಗವನ್ನು ಉತ್ತರೀಯದ ತುದಿಯಿಂದ ಒರೆಸಿ, ತಂತಿ ಸಿಕ್ಕಿಸಿ ಬಿಗಿದರು.

"ಎಲ್ಲಾರೂ ಮ್ಯಾಲೆ ಬಂದಾರೇನು ಕೆಂಚಣ್ಣ?"

"ಬಂದಾರ್ರಿ. ಕಡೀಕ ಹತ್ತಿ ಬಂದಾಂವ ನಾನ."

ಜನಿವಾರದಿಂದ ಬಿರಡೆ ಬಿಚ್ಚಿ ಪೆಟ್ಟಿಗೆಗೆ ಹಾಕಿದರು. ಒತ್ತಿದರು.

ಏನೂ ಆಗಲಿಲ್ಲ. ಗುಡ್ಡದ ಮೇಲೆ ಒಂದು ಕಾಗೆ ಕೂಗಿತು. ಇನ್ನೊಮ್ಮೆ ಒತ್ತಿದರು. ಸದ್ದಿಲ್ಲ. ನಾನು ದೊಡ್ಡಬಸಮ್ಮನ ಮುಖ ನೋಡಿದೆ, ನೋಡಬಾರದಿತ್ತು ಅನ್ನಿಸಿತು. ಈ ಸುಮ್ಮನಿರುವಿಕೆಯನ್ನು ಅವಳು ಹಿಂದೊಮ್ಮೆ ಕೇಳಿದ್ದಳು. ರಾಯರು ಬಿರಡೆ ಕಿತ್ತು, ತಂತಿಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದರು. "ಯಾರೂ ಏಳಬ್ಯಾಡ್ರಿ" ಎಂದರು.

ಆಗ ಬಾವಿಯೊಳಗಿಂದ ಒಂದು ರುಮಾಲು ಮೇಲೆ ಬಂತು.

ರುಮಾಲಿನ ಹಿಂದೆ ಉಜ್ಜಿನಪ್ಪ ಬಂದ. ಹೆಗಲ ಮೇಲೆ ತುಕ್ಕು ಹಿಡಿದ ಹಾರೆ. ಅದು ಎರ್ರಿಸ್ವಾಮಿಯ ಹಾರೆ. ಅವನು ಸತ್ತ ದಿನದಿಂದ ಬಾವಿಯ ಗೋಡೆಯ ಗೂಡಿನಲ್ಲೇ ಇತ್ತು. ಬಂಡೆ ಸಿಡಿದರೆ ಅದರಡಿ ಹೂತು ಹೋಗುತ್ತದೆಂದು, ಕೆಂಚಣ್ಣ ಮೇಲೆ ಬಂದ ಮೇಲೆ ಇವನು ಯಾರಿಗೂ ಹೇಳದೆ ಇಳಿದಿದ್ದಾನೆ. ನಮ್ಮೆಲ್ಲರ ಮುಖ ನೋಡಿ ಗಾಬರಿಯಾಗಿ, "ರಾಯರ ಊಟ ಇನ್ನಾ ಆಗಿಲ್ಲ ಅಂದ್ಕೊಂಡಿದ್ದೆ... ಏನಾತು?" ಎಂದ.

ನಮ್ಮ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ದೊಡ್ಡಬಸಮ್ಮ ಮಾತ್ರ ಎದ್ದು ಹೋಗಿ ಮಗನ ಕೆನ್ನೆಗೆ ಒಂದು ಹೊಡೆದಳು. ಅವನ ಕೈಹಿಡಿದು ದರದರ ಎಳೆದು ತಂದು, ತಂತಿಯ ಮೇಲೆಯೇ ಕೂತುಬಿಟ್ಟಳು.

"ಸಾಕು. ಮುಳ್ಳು ಮುಚ್ಚಿ ಎಲ್ಲಾರೂ ಮನಿಗೆ ನಡೀರಿ."

"ಮುಳ್ಳು ಮುಚ್ಚಿದ್ರೂ ಮದ್ದು ಅಲ್ಲೇ ಇರ್ತೈತವ್ವ" ಎಂದ ಕೆಂಚಣ್ಣ. "ಎಂದರ ಒಂದಿನ ಯಾರರ ಇಳಿತಾರ. ನಾ ಇಳದು ಕೆರೆದು ತೆಗೀತೀನಿ."

"ಬಾವಿ ನಮ್ದು. ಇಳಿಯಾಂವ ನಾನು" ಎಂದ ಉಜ್ಜಿನಪ್ಪ.

"ಯಾರೂ ಇಳಿಯೋದು ಬ್ಯಾಡ" ಎಂದರು ರಾಯರು. "ಕೆಟ್ಟದ್ದು ಕೆಳಗೋ ಮ್ಯಾಲೋ ಅಂತ ಮೊದಲು ತಿಳೀಬೇಕು. ಮ್ಯಾಲೆ ಇದ್ರ ಇಲ್ಲೇ ಸರಿ ಮಾಡಬಹುದು. ಅವ್ವಾರ, ಸ್ವಲ್ಪ ಏಳ್ರಿ. ತಂತಿಯೊಳಗ ಒಂದೀಟ ಕರೆಂಟು ಬಿಟ್ಟು ನೋಡ್ತೀನಿ."

"ಒಮ್ಮೆ ಬಿಟ್ಟದ್ದ ಒಳಗ ಮಲಗೈತಿ. ಅದನ್ನ ಎಬ್ಬಸ್ತೀರೇನು? ನನ್ನ ದೊಡ್ಡ ಮಗನ್ನ ತಿಂದದ್ದು ಮಲಗಿದ ಬೆಂಕೀನ!"

ಅವಳ ಭಯ ಅದು. ಅವಳಿಗೆ ತಂತಿಯೂ ಒಂದು ಬತ್ತಿ. ಬೇರೆ ಯಾರೇ ಆಗಿದ್ದರೂ ಈ ಮುದುಕಿಗೇನು ತಿಳಿಯುತ್ತದೆ ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ರಾಯರು ಅವಳೆದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬೆಳಿಗ್ಗೆ ಅವಳ ಕಣ್ಣೆದುರು ಕೆಂಪಾಗಿದ್ದ ಎಳೆಯನ್ನೇ ತೆಗೆದು, ಸೂಜಿಯ ಪೆಟ್ಟಿಗೆಗೂ ಒಂದು ಸಣ್ಣ ಜಾಡಿಗೂ ಜೋಡಿಸಿ, ಅವಳ ಅಂಗೈಯ ಮೇಲೆ ಇಟ್ಟರು.

"ಮುಷ್ಟಿ ಹಿಡೀರಿ. ಈ ತುದಿ ಆ ಹಿತ್ತಾಳಿಗೆ ನೀವ ಮುಟ್ಟಸ್ರಿ. ಸುಟ್ರ ಬಿಟ್ಟುಬಿಡ್ರಿ."

ಅವಳು ಮುಟ್ಟಿಸಿದಳು. ಸೂಜಿ ಸರಕ್ಕನೆ ತಿರುಗಿತು.

"ಈಗ ನಿಮ್ಮ ಮುಷ್ಟಿಯೊಳಗ ಹಾಯಲಿಕ್ಕೆ ಹತ್ತದ."

"ಏನೂ ಇಲ್ಲಲ್ಲ?"

"ಭಾಳ ಕಮ್ಮಿ ಬಿಟ್ಟೀನಿ, ಕಾಯೋದಿಲ್ಲ. ಈಗ ತುದಿ ಎತ್ರಿ."

ಎತ್ತಿದಳು. ಸೂಜಿ ತನ್ನ ಜಾಗಕ್ಕೆ ಬಂದು ನಿಂತಿತು.

"ನೋಡ್ರಿ. ಮುಟ್ಟಿಸಿದಾಗಷ್ಟ ಇರ್ತದ. ಎತ್ತಿದ ಕೂಡ್ಲೆ ಹನಿಯಷ್ಟೂ ಉಳಿಯೋದಿಲ್ಲ. ಇದು ಮಲಗೋ ಬೆಂಕಿ ಅಲ್ಲ ಅವ್ವಾರ. ಇದಕ್ಕ ನಿದ್ದಿ ಅನ್ನೋದ ಗೊತ್ತಿಲ್ಲ."

ಅವಳು ಮತ್ತೆ ಮುಟ್ಟಿಸಿದಳು, ಎತ್ತಿದಳು. ಮತ್ತೆ ಮುಟ್ಟಿಸಿದಳು. ಸೂಜಿ ಹೋಗಿ ಬಂದು, ಹೋಗಿ ಬಂದು ಮಾಡಿತು. ಎಷ್ಟು ಹೊತ್ತು ಹಾಗೆ ಆಡಿಸಿದಳೋ. ರಾಯರು ಅವಸರ ಮಾಡಲಿಲ್ಲ. ಕಡೆಗೆ ಅವಳು ಮೊಣಕಾಲಿಗೆ ಕೈಯೂರಿ ಎದ್ದು, ತಂತಿ ಬಿಟ್ಟು ಪಕ್ಕಕ್ಕೆ ಸರಿದಳು.

ರಾಯರು ಬಾವಿಯ ತಂತಿಗಳನ್ನು ಸೂಜಿಯ ಪೆಟ್ಟಿಗೆಗೆ ಜೋಡಿಸಿದರು. ಸೂಜಿ ಅಲುಗದಿದ್ದರೆ ಕೆಳಗೆ ತಂತಿ ಹರಿದಿದೆ, ಯಾರಾದರೂ ಇಳಿಯಲೇಬೇಕು. ಉಜ್ಜಿನಪ್ಪ ಆಗಲೇ ಧೋತರ ಮೇಲೆತ್ತಿ ಕಟ್ಟಿಕೊಳ್ಳುತ್ತಿದ್ದ. ತುದಿ ಮುಟ್ಟಿತು. ಸೂಜಿ ಪೂರ್ತಿ ತಿರುಗಿ ನಿಂತಿತು.

"ಕೆಳಗ ಎಲ್ಲಾ ಸರಿ ಅದ" ಎಂದರು ರಾಯರು. ಹಾಗೆಂದವರು ಉಜ್ಜಿನಪ್ಪನ ಕಡೆ ತಿರುಗಿ ನೋಡಿದರು. ಕೆಳಗೆ ಎಲ್ಲ ಸರಿ ಇತ್ತು ಎಂದರೆ ಏನರ್ಥ ಎಂದು ಅವರಿಗೆ ನಮಗಿಂತ ಮೊದಲು ಹೊಳೆದಿತ್ತು.

ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿದರು. ತೂತಿನೊಳಗೆ ಉಗುರು ಹಾಕಿ ಕೆರೆದು, ಅಂಗೈ ಮೇಲೆ ಉದುರಿಸಿದರು. ಬೆಳ್ಳಗೆ ಒಣಗಿದ ವಿಭೂತಿ. ತಿರುಪು ಕಚ್ಚಿದ್ದು ತಂತಿಯನ್ನಲ್ಲ, ಬೂದಿಯನ್ನು.

"ಅಡ್ಡಿ ಇದು" ಎಂದರು ಮೆಲ್ಲಗೆ. "ಕರೆಂಟು ಸೊರಗಿತು. ಎಳಿ ಕಾಯಲಿಲ್ಲ."

"ಅಯ್ಯ ಅವ್ವ, ಬೂದಿ ಹಚ್ಚಿ ಕೆಲಸಾನ ಕೆಡಿಸಿ..." ಎಂದು ಶುರುಮಾಡಿದ ಕೆಂಚಣ್ಣ ಉಜ್ಜಿನಪ್ಪನ ಕಡೆ ನೋಡಿ ಅಲ್ಲೇ ನಿಲ್ಲಿಸಿದ. ದೊಡ್ಡಬಸಮ್ಮ ತನ್ನ ಮೂರು ಬೆರಳನ್ನು ನೋಡಿಕೊಂಡಳು. ಬೆರಳ ಸಂದಿಯಲ್ಲಿ ಇನ್ನೂ ಬೂದಿ ಇತ್ತು.

"ನಮ್ಮೂರ ದ್ಯಾವ್ರು ದೊಡ್ಡಬಸವ ಉಳಿಸಿದ" ಎಂದಳು.

ನಾನು ರಾಯರ ಬಾಯಿ ನೋಡಿದೆ. ಲೆಕ್ಕ ತಪ್ಪಿದರೆ ಸಾಹೇಬರ ಜೊತೆಗೂ ವಾದ ಮಾಡುವ ಮನುಷ್ಯ. "ಉಳಿಸಿದ್ದಂತೂ ಖರೆ ಅವ್ವಾರ" ಎಂದರು. ಎದ್ದು ನಿಂತು, ಒಡ್ಡರ ಆಳುಗಳೆಲ್ಲ ನೋಡುತ್ತಿದ್ದಂತೆ, ಅವಳಿಗೆ ಕೈಮುಗಿದರು. "ತಪ್ಪು ನಿಮ್ಮದಲ್ಲ, ನಂದು. ಊಟಕ್ಕ ಮುಂಚೆ ಅಳೆದದ್ದು ಊಟಾದ ಮ್ಯಾಲೂ ಹಂಗ ಇರ್ತದಂತ ತಿಳಕೊಂಡೆ. ಎಲ್ಲಾರೂ ಮ್ಯಾಲದಾರೋ ಇಲ್ಲೋ ನನ್ನ ಕಣ್ಣಿಂದ ನೋಡಲಿಲ್ಲ. ಬಿರಡಿ ಜನಿವಾರಕ್ಕ ಕಟ್ಟಿದ್ರ ಆಯ್ತು ಅಂದ್ಕೊಂಡಿದ್ದೆ."

ನಾನು ಕಚೇರಿಯ ಮಂದಿಯನ್ನು ಬಹಳ ಕಂಡಿದ್ದೇನೆ. ಕೈಗೆ ಅಷ್ಟು ಸುಲಭವಾಗಿ ಒಬ್ಬ ಮುದುಕಿ ಸಿಕ್ಕಿರುವಾಗ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವವರನ್ನು ಕಂಡಿರಲಿಲ್ಲ. ಹಿಂಜಿ ನೋಡಿದರೂ ಆ ಹೊತ್ತು ಅವರಲ್ಲಿ ನನಗೆ ಕಸ ಸಿಗಲಿಲ್ಲ.

ಅಕ್ಕ ಹುಣಸೆಹಣ್ಣು ತಂದಳು. ತಿರುಪುಗಳನ್ನು ಉಜ್ಜಿ, ತೊಳೆದು, ಒಣಗಿಸಿ, ಚಿನ್ನದ ಹಾಗೆ ಹೊಳೆಯಿಸಿದೆವು. ಮುಚ್ಚಳದ ಮೇಲಿನ ಮೂರು ಪಟ್ಟೆಯನ್ನು ಒರೆಸಲು ನಾನು ಕೈಹಾಕಿದರೆ ರಾಯರು ತಡೆದರು. ಆಮೇಲೆ ಬಾವಿಯಿಂದ ಬಂದ ತಂತಿಯ ಎರಡು ತುದಿಗಳನ್ನು ತೆಗೆದುಕೊಂಡು ದೊಡ್ಡಬಸಮ್ಮನ ಎರಡು ಕೈಯಲ್ಲಿ ಇಟ್ಟರು.

"ಇವು ನಿಮ್ಮ ಕೈಯಾಗ ಇರೋತನಕ ಬಾವ್ಯಾಗ ಬೆಂಕಿ ಇಲ್ಲ. ಎಲ್ಲಾರ ಮಾರಿ ನೋಡ್ರಿ. ಮನಸ್ಸು ಒಪ್ಪಿದ್ರ ನನಗ ಕೊಡ್ರಿ. ಒಪ್ಪಲಿಲ್ಲಂದ್ರ ಇವತ್ತು ಬ್ಯಾಡ, ನಾಳೆ ಬರ್ತೀನಿ. ನಾಳೆ ಒಪ್ಪಲಿಲ್ಲಂದ್ರ ನಾಡದು."

ಅವಳು ಎರಡು ಕೈಯನ್ನೂ ದೂರ ದೂರ ಚಾಚಿ ಕೂತಳು, ಎರಡು ತುದಿ ಒಂದಕ್ಕೊಂದು ತಗಲದ ಹಾಗೆ. ಹಾಗೆ ತಗಲಿದರೂ ಏನೂ ಆಗುತ್ತಿರಲಿಲ್ಲ, ಆದರೆ ಅವಳಿಗೆ ಅದನ್ನು ಹೇಳುವ ಧೈರ್ಯ ಯಾರಿಗಿತ್ತು? ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು.

"ಕೆಂಚಣ್ಣ?"

"ಅದೀನವ್ವ."

ಅವನ ಆಳುಗಳನ್ನು ಕರೆದಳು. ಅಕ್ಕನನ್ನು ಕರೆದಳು. "ಜಡೆಪ್ಪ?" ಎಂದಳು, ನಾನು ಅವಳ ಮೊಣಕಾಲ ಪಕ್ಕದಲ್ಲೇ ಇದ್ದೆ. "ಅದೀನತ್ತಿ" ಎಂದೆ. "ರಾಯರ?" ಎಂದಳು. "ಅದೀನ್ರಿ" ಎಂದರು ರಾಯರು, ಸಾಲಿಯ ಹುಡುಗನಷ್ಟು ವಿನಯದಿಂದ. "ಉಜ್ಜಿನಾ?" ಎಂದಳು.

"ಅದೀನವ್ವ."

ಮುಗಿಯಿತು ಅಂದುಕೊಂಡೆವು. ರಾಯರು ಕೈ ಮುಂದೆ ಚಾಚಿದರು. ಅವಳು ಕೊಡಲಿಲ್ಲ. ಬಾವಿಯ ಕಡೆ ಮುಖ ತಿರುಗಿಸಿ, ಮನೆಯ ಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುವ ದನಿಯಲ್ಲೇ, "ಎರ್ರಿಸ್ವಾಮೀ?" ಎಂದು ಕರೆದಳು.

ರಾಯರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅವಳು ಕಿವಿಗೊಟ್ಟು ಕೂತೇ ಇದ್ದಳು.

ಉಜ್ಜಿನಪ್ಪ ಹಾರೆಯನ್ನು ಎತ್ತಿ ಅವಳ ಮುಂದಿನ ಕಲ್ಲಿನ ಮೇಲೆ ಒಮ್ಮೆ ಕುಟ್ಟಿದ. ಖಣ್ಣೆಂದಿತು.

"ಅಣ್ಣನ ಹಾರಿ ಮ್ಯಾಲೆ ಬಂದೈತವ್ವ. ಕೆಳಗ ಯಾರೂ ಇಲ್ಲ."

ಅವಳು ಆ ತುಕ್ಕು ಹಿಡಿದ ಹಾರೆಯನ್ನು ತಲೆಯಿಂದ ಬುಡದವರೆಗೆ ನೋಡಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎರಡೂ ಖಾಲಿ ಇರಲಿಲ್ಲ. "ಹಂಗಾದ್ರ ಹಿಡೀರಿ ರಾಯರ" ಎಂದು ತುದಿಗಳನ್ನು ಕೊಟ್ಟಳು.

ಈ ಸಲ ರಾಯರು ಒತ್ತಿದ ಕ್ಷಣಕ್ಕೇ ನೆಲ ನಡುಗಿತು. ಬಾವಿಯ ಬಾಯಿಂದ ಧೂಳಿನ ಕಂಬ ಎದ್ದಿತು. ಗುಡ್ಡ ಆ ಸದ್ದನ್ನು ವಾಪಸು ಕಳಿಸಿತು. ದೊಡ್ಡಬಸಮ್ಮ ಮಗನ ತೋಳು ಹಿಡಿದುಕೊಂಡು, ಧೂಳು ಕೂರುವ ತನಕ ಬಿಡಲಿಲ್ಲ.

ಆ ಬಾವಿಯ ನೀರು ಸಿಹಿ. ನಾನು ಕುರುಗೋಡಿಗೆ ಹೋದಾಗಲೆಲ್ಲ ಕುಡಿಯುತ್ತೇನೆ. ರಾಯರ ಪೆಟ್ಟಿಗೆಯ ಮುಚ್ಚಳದ ಮೇಲೆ ಆ ಮೂರು ಪಟ್ಟೆ ಹಾಗೆಯೇ ಇತ್ತು. ವೈಷ್ಣವರ ಮನೆಯಲ್ಲಿ ಇದೇನು ಅನಾಚಾರ ಎಂದು ತುಳಸಮ್ಮ ಕೇಳಿದರೆ, "ಇರಲಿ ಬಿಡಮ್ಮ, ಅದು ನನ್ನ ತಪ್ಪಿನ ಗುರುತು" ಎನ್ನುತ್ತಿದ್ದರಂತೆ.

ಆಮೇಲೆ ರಾಯರ ರಜೆ ಸಿಕ್ಕಾಗಲೆಲ್ಲ ಕೆಂಚಣ್ಣ ಅವರನ್ನು ಕರೆದೊಯ್ಯುತ್ತಿದ್ದ. ಸಿರುಗುಪ್ಪದಲ್ಲಿ, ತೆಕ್ಕಲಕೋಟೆಯಲ್ಲಿ ಬಾವಿಗಳಾದವು. ಎಲ್ಲೇ ಆದರೂ ಒತ್ತುವ ಮೊದಲು ಎರಡು ತುದಿಗಳು ಆ ಮನೆಯ ಹೆಂಗಸಿನ ಕೈಗೆ ಹೋಗಬೇಕು, ಅವಳು ಹೆಸರು ಹಿಡಿದು ಎಲ್ಲರನ್ನೂ ಕರೆಯಬೇಕು. ಇಷ್ಟೆಲ್ಲ ಅಳೆಯುವ ಸೂಜಿ ಇರುವಾಗ ಇದೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದೆ.

"ತಂತಿ ಹರದದೋ ಇಲ್ಲೋ ಸೂಜಿ ಹೇಳ್ತದ ಜಡೆಪ್ಪನವರ. ಕೆಳಗ ಯಾರದಾರಂತ ಅದಕ್ಕ ಗೊತ್ತಾಗೋದಿಲ್ಲ" ಎಂದರು ರಾಯರು.

ಹೆಸರುಗಳೆಲ್ಲ ಮುಗಿದ ಮೇಲೆ ಕೆಂಚಣ್ಣ ಬಾವಿಯ ಅಂಚಿಗೆ ಹೋಗಿ ಬಗ್ಗಿ, "ಎರ್ರಿಸ್ವಾಮೀ" ಎಂದು ಒಮ್ಮೆ ಕೂಗುತ್ತಿದ್ದ. ಒಳಗಿನಿಂದ ಯಾರೂ ಓಗೊಡಲಿಲ್ಲವೆಂದಾದರೆ, ಆಮೇಲೆ ತುದಿಗಳು ರಾಯರ ಕೈಗೆ ಬರುತ್ತಿದ್ದವು.